ಗುರಿ ತಪ್ಪಿದ್ದು ರೈಫಲೋ, ಗೌಡರ ಮಗನೋ?

ರೋಣಕ್ಕೆ ಆ ಹೆಸರು ದ್ರೋಣಾಚಾರ್ಯರಿಂದ ಬಂತು ಎಂಬುದು ಊರ ಹಿರಿಯರ ಮಾತು. ದ್ರೋಣಪುರ ಸವೆದು ರೋಣವಾಯಿತಂತೆ. ಗಿಡದ ಮೇಲೆ ಕಟ್ಟಿಗೆಯ ಹಕ್ಕಿ ಇಟ್ಟು, "ಏನು ಕಾಣುತ್ತದೆ?" ಎಂದು ಆ ಗುರು ಕೇಳಿದ ಕಥೆ ಮೂರನೇ ಇಯತ್ತೆ ಹುಡುಗನಿಗೂ ಗೊತ್ತು. ಒಬ್ಬನಿಗೆ ಗಿಡ ಕಂಡಿತು, ಒಬ್ಬನಿಗೆ ಎಲೆ ಕಂಡಿತು, ಅರ್ಜುನನಿಗೆ ಮಾತ್ರ ಹಕ್ಕಿಯ ಕಣ್ಣು ಕಂಡಿತು. ಅಂಥ ಊರಿನ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಗುರಿಯ ಮೇಲೆ ವಾದ ನಡೆದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ವಾದಕ್ಕೆ ಕಾರಣ ಒಂದು ರೈಫಲು. ತಾಲೂಕಿನ ಒಂದು ಹಳ್ಳಿಯ ಗೌಡರ ಮನೆಯದು. ತ್ರೀ ಫಿಫ್ಟೀನ್ ಎಂದು ಎಲ್ಲರೂ ಕರೆಯುವ .315 ಬೋರಿನ ಬೋಲ್ಟ್ ರೈಫಲು. ಗೌಡರಿಗೆ ವಯಸ್ಸಾಯಿತು, ಲೈಸೆನ್ಸು ಮಗನ ಹೆಸರಿಗೆ ಬಂತು. ಮಗ ತರಬೇತಿಗೆ ಹೋದ, ಗುಂಡಿನ ಮೈದಾನದಲ್ಲಿ ಮನೆಯ ರೈಫಲಿನಿಂದಲೇ 50 ಮೀಟರಿಗೆ 10 ಗುಂಡು ಹಾರಿಸಿದ. ಹಾಳೆಗೆ ತಗುಲಿದ್ದು ನಾಲ್ಕು. ಆ ನಾಲ್ಕೂ ನಾಲ್ಕು ಮೂಲೆಗೆ. ಉಳಿದ ಆರು ಎಲ್ಲಿ ಹೋದವೋ ಹಿಂದಿನ ಮಣ್ಣಿನ ಒಡ್ಡಿಗೇ ಗೊತ್ತು.

"ಈ ಹಳೇ ಡಬ್ಬಾ ಇಟ್ಕೊಂಡು ಏನ ಮಾಡೂದೈತಿ ಅಪ್ಪಾ? ಸೆಮಿ ಆಟೋಮ್ಯಾಟಿಕ್ ತಗೊಳ್ಳೂಣು. ಒತ್ತಿದ್ರ ಸಾಕು, ಢಂ ಢಂ ಢಂ!" ಎಂದು ಮಗ ಮೊಬೈಲು ತೆರೆದು ತೋರಿಸಿದ. ಅಮೆರಿಕೆಯ ಯಾವನೋ ಟೊಪ್ಪಿಗೆಯವನು ಹಂದಿಯ ಹಿಂಡಿಗೆ ಗುಂಡು ಸುರಿಸುತ್ತಿದ್ದ.

ಪಕ್ಕದ ಬೆಂಚಿನಲ್ಲಿ ಗಜೇಂದ್ರಗಡದ ಬಸ್ಸಿಗೆ ಕಾದಿದ್ದ ಒಬ್ಬ ನಿವೃತ್ತ ಹವಾಲ್ದಾರರು ಚಹಾ ಬಸಿಯಿಂದ ತಲೆ ಎತ್ತಿದರು. "ತಮ್ಮಾ, ಹತ್ತು ಗುಂಡಿನ್ಯಾಗ ನಾಲ್ಕು ತಗಲಿಸಾಂವಗ ಆಟೋಮ್ಯಾಟಿಕ್ ಕೊಟ್ರ ಏನಾಕ್ಕೈತಿ ಗೊತ್ತೇನು? ತಪ್ಪೂ ಗುಂಡು ಲಗೂ ಲಗೂ ತಪ್ತಾವು, ಅಷ್ಟ."

ಅಂಗಡಿ ನಕ್ಕಿತು. ಗೌಡರು ನಗಲಿಲ್ಲ. ನರಗುಂದದ ಹತ್ತಿರ ಅವರ ತಂಗಿಯ ಹೊಲವಿದೆ. ಕಾಲುವೆ ನೀರಿನ ಗೋವಿನಜೋಳ. ಹಂದಿ ನುಗ್ಗಿ ಹಾಳು ಮಾಡುತ್ತಿವೆ, ಅಳಿಯನಿಗೆ ರೈಫಲು ಕೊಟ್ಟು ಕಳಿಸು ಎಂದು ತಂಗಿ ಎರಡು ಸಲ ಫೋನು ಮಾಡಿದ್ದಾಳೆ. ಹುಡುಗ ಹೋಗಲು ತುದಿಗಾಲಲ್ಲಿ ನಿಂತಿದ್ದಾನೆ. ಎಲ್ಲಿ ಹೊಡೆಯುತ್ತದೆ ಎಂದು ಗೊತ್ತಿಲ್ಲದ ರೈಫಲು, ಕತ್ತಲು, ಅಳಿಯ. ಗೌಡರ ಹೊಟ್ಟೆಯಲ್ಲಿ ಕಲ್ಲು ಕೂತಿದ್ದು ಇದಕ್ಕೇ.

ಆಸೆ ಪಟ್ಟರೆ ಸಿಕ್ಕೀತೆ?

ಮೊದಲು ಕಾಯ್ದೆಯ ಮಾತು. ಸೆಮಿ ಆಟೋಮ್ಯಾಟಿಕ್ ಎಂದರೆ ಒಂದು ಸಲ ಕುದುರೆ ಎಳೆದರೆ ಒಂದು ಗುಂಡು. ಆದರೆ ಖಾಲಿ ತೋಟಾ ಹೊರಗೆ ಹಾಕುವ, ಹೊಸದನ್ನು ಒಳಗೆ ತಳ್ಳುವ ಕೆಲಸವನ್ನು ಬಂದೂಕೇ ಮಾಡಿಕೊಳ್ಳುತ್ತದೆ. ಬೋಲ್ಟ್ ರೈಫಲಿನಲ್ಲಿ ಪ್ರತಿ ಸಲವೂ ಕೈಯಿಂದ ಹಿಡಿಕೆ ಎತ್ತಿ ಎಳೆಯಬೇಕು. ನಮ್ಮ ದೇಶದ 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಇಂಥ ಸೆಮಿ ಆಟೋಮ್ಯಾಟಿಕ್ ರೈಫಲುಗಳು ನಿರ್ಬಂಧಿತ ಪಟ್ಟಿಯಲ್ಲಿವೆ. ಬೆಳೆ ಕಾಯಲು ಬೇಕು ಎಂದು ಅರ್ಜಿ ಬರೆದ ಮಾತ್ರಕ್ಕೆ ತಹಶೀಲ್ದಾರ ಕಚೇರಿಯ ಬಾಗಿಲಲ್ಲಿ ಸಿಗುವ ವಸ್ತುವಲ್ಲ. ದಂಡಿನ .303 ತೋಟಾ ಹಾರಿಸುವ ರೈಫಲೂ ಅದೇ ಪಟ್ಟಿಗೆ ಸೇರಿದೆ. ಅದಕ್ಕೇ ಸರ್ಕಾರಿ ಕಾರ್ಖಾನೆ ಜನಸಾಮಾನ್ಯರಿಗಾಗಿ .315 ಬೋರು ಮಾಡಿದ್ದು. ಮೈಕಟ್ಟು ಹಳೆಯ ಲೀ ಎನ್‌ಫೀಲ್ಡಿನದು, ಬೋರು ಮಾತ್ರ ಬೇರೆ. 2019ರ ತಿದ್ದುಪಡಿಯ ನಂತರ ಒಬ್ಬನಿಗೆ ಎರಡಕ್ಕಿಂತ ಹೆಚ್ಚು ಬಂದೂಕು ಇಲ್ಲ. ಲೈಸೆನ್ಸಿನ ಅವಧಿ ಮಾತ್ರ 3 ವರ್ಷದಿಂದ 5 ವರ್ಷಕ್ಕೆ ಏರಿತು.

ಬಂದೂಕಿಗೆ ಚೀಟಿ ಬೇಕು ಎಂಬ ಮಾತು ಈ ಭಾಗಕ್ಕೆ ಹೊಸದೂ ಅಲ್ಲ. 1857ರ ನಿಶ್ಶಸ್ತ್ರೀಕರಣ ಕಾಯ್ದೆ ಬಂದಾಗ ಮುಧೋಳ ಸೀಮೆಯ ಹಲಗಲಿ ಬೇಡರು ಹತಾರ ಕೊಡುವುದಿಲ್ಲ ಎಂದು ಎದ್ದರು. ಮುಂದಿನ ವರ್ಷ ನರಗುಂದದ ಬಾಬಾಸಾಹೇಬರು ಎದ್ದರು, 1858ರ ಜೂನ್ ತಿಂಗಳಲ್ಲಿ ಬೆಳಗಾವಿಯಲ್ಲಿ ಗಲ್ಲಿಗೇರಿದರು. ಅಂದಿನ ಜಗಳ ಪರಕೀಯರ ಜೊತೆ. ಇಂದಿನ ಕಾಯ್ದೆ ನಮ್ಮದೇ, 1959ರದು.

"ಸಿಗೂದಿಲ್ಲ ಅನ್ನೂದು ಒಂದ್ ಕಡೆ ಇರ್ಲಿ," ಎಂದರು ಹವಾಲ್ದಾರರು, "ಸಿಕ್ರೂ ಗುರಿ ಸುಧಾರ್ಸೂದಿಲ್ಲ."

ತಾನೇ ಓಡುವ ಬಂದೂಕಿನ ಕಾಯಿಲೆ

ಈ ಮಾತಿನಲ್ಲಿ ಹುರುಳಿದೆ. ಅಮೆರಿಕೆಯಲ್ಲಿ 1906ರಲ್ಲೇ ರೆಮಿಂಗ್ಟನ್ ಕಂಪನಿ ಬೇಟೆಗೆಂದು ತಾನೇ ತುಂಬಿಕೊಳ್ಳುವ ರೈಫಲು ಮಾರುಕಟ್ಟೆಗೆ ಬಿಟ್ಟಿತು. 1967ರಲ್ಲಿ ಬ್ರೌನಿಂಗಿನವರ ಬಿಎಆರ್ ಎಂಬುದು ಬಂತು. ಅಂದಿನಿಂದ ಇಂದಿನವರೆಗೆ ಅಲ್ಲಿಯ ಬೇಟೆಗಾರರ ದೂರು ಒಂದೇ: ಒಂದು ದಿನ ಹೊಡೆದಲ್ಲಿ ಇನ್ನೊಂದು ದಿನ ಹೊಡೆಯುವುದಿಲ್ಲ.

ಕಾರಣ ಕೇಳಿದರೆ ಹೊಲಿಗೆ ಮಷೀನು ಬಲ್ಲವರಿಗೆ ಕೂಡಲೇ ತಿಳಿಯುತ್ತದೆ. ಓಡುವ ಭಾಗ ಹೆಚ್ಚಾದಷ್ಟೂ ಕೆಡುವ ಜಾಗ ಹೆಚ್ಚು. ಹಲವು ಮಾದರಿಗಳಲ್ಲಿ ನಳಿಗೆಗೆ ಒಂದು ಸಣ್ಣ ತೂತಿರುತ್ತದೆ. ಗುಂಡಿನ ಹಿಂದಿನ ಹೊಗೆ ಅದರೊಳಗಿಂದ ಬಂದು ಪಿಸ್ಟನ್ ತಳ್ಳುತ್ತದೆ. ಆ ಪಿಸ್ಟನ್ನಿಗೆ ಮಸಿ ಕಟ್ಟಿದರೆ ತಳ್ಳುವ ಬಲ ಏರುಪೇರು. ಬೋಲ್ಟು ಪ್ರತಿ ಸಲವೂ ಒಂದೇ ರೀತಿ ಕೂತು ಬೀಗ ಬೀಳಬೇಕು. ತೋಟಾ ಕೂಡುವ ಮನೆಯಲ್ಲಿ ಕೊಳೆ ಇದ್ದರೆ ಕೂಡುವುದಿಲ್ಲ. ಮುಂದಿನ ಕಟ್ಟಿಗೆಯನ್ನು ಬಿಗಿಯಾಗಿ ಹಿಡಿದರೆ, ಹೆಗಲಪಟ್ಟಿ ಎಳೆದರೆ, ನಳಿಗೆ ಒಂದು ಎಳೆ ಬಾಗುತ್ತದೆ. ಮ್ಯಾಗಜೀನಿನಿಂದ ರಭಸದಿಂದ ಏರುವ ತೋಟಾದ ಮೂತಿ ಬಡಿದು ಗುಂಡು ಒಳಕ್ಕೆ ಸರಿಯುವುದುಂಟು. ಕೈಯಿಂದ ತುಂಬಿದ ಮೊದಲ ಗುಂಡು ಒಂದು ಕಡೆ, ಬಂದೂಕೇ ತುಂಬಿಕೊಂಡ ಮುಂದಿನವು ಇನ್ನೊಂದು ಕಡೆ ಬೀಳುವುದೂ ಉಂಟು. ಬೋಲ್ಟಿನ ಬಡಿತಕ್ಕೆ ದುರ್ಬೀನಿನ ತಿರುಪು ಸಡಿಲ. ಇಷ್ಟರ ಮೇಲೆ ಹುಡುಗರ ಆತುರ. ಪಟಪಟ ಹಾರಿಸಿ ನಳಿಗೆ ಕಾಯಿಸಿದರೆ ಗುಂಡು ಹರಡಿಕೊಳ್ಳುತ್ತದೆ.

ಜರ್ಮನಿಯವರು ಇದಕ್ಕೊಂದು ಕಡಿವಾಣ ಹಾಕಿದ್ದಾರೆ. ಅಲ್ಲಿ ಬೇಟೆಗೆ ಸೆಮಿ ಆಟೋಮ್ಯಾಟಿಕ್ ಒಯ್ದರೆ ಒಟ್ಟು ಮೂರಕ್ಕಿಂತ ಹೆಚ್ಚು ತೋಟಾ ತುಂಬುವಂತಿಲ್ಲ. ಮೂರರಲ್ಲಿ ಆಗದ ಕೆಲಸ ಮೂವತ್ತರಲ್ಲೂ ಆಗುವುದಿಲ್ಲ ಎಂಬ ಲೆಕ್ಕ.

ಬಸ್ಸು ಬಂತು. ಹವಾಲ್ದಾರರು ಎದ್ದರು. "ನಾಳಿ ಗಜೇಂದ್ರಗಡಕ್ಕ ಬರ್ರಿ ಗೌಡ್ರ. ರೈಫಲು ತರ್ರಿ, ಲೈಸೆನ್ಸ್ ತರ್ರಿ. ತೋಟಾ ಮಾತ್ರ ಬ್ಯಾರೆ ಚೀಲದಾಗ ಇರ್ಲಿ."

ಮೊದಲು ಗುಂಪು ನೋಡು

ಮರುದಿನ ಗಜೇಂದ್ರಗಡದ ಗುಡ್ಡದ ಬುಡದ ಮನೆಯ ಕಟ್ಟೆಯ ಮೇಲೆ ರೈಫಲು ಹೊರಬಂತು. ಹವಾಲ್ದಾರರು ಮೊದಲು ಬೋಲ್ಟ್ ಎಳೆಸಿದರು, ಒಳಗೆ ತೋಟಾ ಇಲ್ಲವೆಂದು ಕಣ್ಣಿನಿಂದ ನೋಡಿಸಿದರು, ಬೆರಳು ಹಾಕಿಸಿ ನೋಡಿಸಿದರು. "ಖಾಲಿ ಐತಿ ಅಂತ ತಿಳ್ಕೊಂಡ ಬಂದೂಕ ಭಾಳ ಮಂದೀನ ಕೊಂದೈತಿ," ಎಂದರು. ನಂತರ ಕೇಳಿದ್ದು ಒಂದೇ ಪ್ರಶ್ನೆ: "ಹಾಳಿ ಮ್ಯಾಲಿನ ತೂತು ಒಂದ ಕಡೆ ಗುಂಪಾಗಿದ್ವೋ, ಚದರಿದ್ವೋ?"

ಇಡೀ ವಿದ್ಯೆ ಈ ಒಂದು ಪ್ರಶ್ನೆಯಲ್ಲಿದೆ. ಎನ್‌ಸಿಸಿಯಲ್ಲಿ .22 ರೈಫಲು ಹಾರಿಸಿದ ಕಾಲೇಜು ಹುಡುಗರಿಗೆ ಗ್ರೂಪಿಂಗ್ ಎಂಬ ಮಾತು ಗೊತ್ತಿರುತ್ತದೆ. ಐದು ಗುಂಡು ಅಂಗೈ ಅಗಲದಲ್ಲಿ ಕೂತು, ಆ ಅಂಗೈ ಮಾತ್ರ ನಡುವಿನಿಂದ ಎಡಕ್ಕೋ ಬಲಕ್ಕೋ ಇದ್ದರೆ ಬಂದೂಕು ಚೊಕ್ಕ ಇದೆ, ಗುರಿಮಣಿ ಸರಿದಿದೆ ಎಂದರ್ಥ. ಅದು ಸಣ್ಣ ರಿಪೇರಿ. ಗುಂಡು ಚದುರಿದ್ದರೆ ಗುರಿಮಣಿ ಮುಟ್ಟಲೇಬಾರದು. ಚದುರಿದ ಗುಂಡಿಗೆ ಗುರಿಮಣಿ ತಿರುಗಿಸುವುದೆಂದರೆ ಜ್ವರ ಬಂದವನ ಅಂಗಿ ಬದಲಿಸಿದಂತೆ.

ಚದುರುವುದಕ್ಕೆ ಕಾರಣ ಮೂರೇ ಕಡೆ ಇರುತ್ತದೆ. ಹಾರಿಸುವವ, ತೋಟಾ, ಬಂದೂಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕು. ಮೂರನ್ನೂ ಒಮ್ಮೆಲೇ ಬದಲಿಸಿದರೆ ಗುಣವಾದದ್ದು ಯಾವ ಔಷಧದಿಂದ ಎಂದು ಡಾಕ್ಟರಿಗೂ ತಿಳಿಯುವುದಿಲ್ಲ. ಖರ್ಚಿಲ್ಲದ್ದನ್ನು ಮೊದಲು, ಖರ್ಚಿನದನ್ನು ಕೊನೆಗೆ ನೋಡಬೇಕು.

ತಿರುಪು, ಕಟ್ಟಿಗೆ, ನಳಿಗೆ

ರೈಫಲಿನ ಚರಿತ್ರೆ ಕೇಳಿದಾಗ ಅರ್ಧ ರೋಗ ಹೊರಬಿತ್ತು. ಅದು 2023ರ ಮೇ ವಿಧಾನಸಭೆ ಚುನಾವಣೆಗೆ ಒಮ್ಮೆ, 2024ರ ಮೇ ಲೋಕಸಭೆ ಚುನಾವಣೆಗೆ ಒಮ್ಮೆ ಠಾಣೆಗೆ ಜಮೆಯಾಗಿ ಬಂದಿತ್ತು. ಕೊಡುವಾಗ ಮನೆಯವರು ಎಣ್ಣೆ ಹಚ್ಚಿರಲಿಲ್ಲ. ತಂದ ಮೇಲೆ ಒರೆಸಿರಲಿಲ್ಲ. ಗೋಡೆಯ ಎರಡು ಮೊಳೆಗೆ ನೇತು ಹಾಕಿದ್ದು ಖಂಡೇನವಮಿಗೆ ಕೆಳಗಿಳಿಯಿತು. ಅರಿಷಿಣ ಕುಂಕುಮ ಬಿತ್ತು, ಕಾಯಿ ಒಡೆಯಿತು, ಮತ್ತೆ ಮೊಳೆಗೆ ಏರಿತು. ಪೂಜೆ ಆಯಿತು, ಸೇವೆ ಆಗಲಿಲ್ಲ.

ಕೊಡಗಿನವರನ್ನು ಈ ವಿಷಯದಲ್ಲಿ ನೋಡಿ ಕಲಿಯಬೇಕು. ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿ ಸ್ವಚ್ಛ ಮಾಡಿಯೇ ಪೂಜೆಗೆ ಇಡುತ್ತಾರೆ. ಆಮೇಲೆ ತೆಂಗಿನಕಾಯಿಗೆ ಗುರಿಯಿಟ್ಟು ಪಂದ್ಯ. ಕಾಯಿ ಒಡೆದವನೇ ಗೆದ್ದವ. ವರ್ಷಕ್ಕೊಮ್ಮೆಯಾದರೂ ಕೋವಿಗೂ ಕೈಗೂ ಪರೀಕ್ಷೆ ಆಗಿಬಿಡುತ್ತದೆ.

ಹವಾಲ್ದಾರರು ಹುಡುಗನ ಕೈಗೇ ತಿರುಪುಳಿ ಕೊಟ್ಟರು. ಕುದುರೆಯ ಕಾವಲು ಪಟ್ಟಿಯ ಮುಂದಿನ ದೊಡ್ಡ ತಿರುಪು ಅರ್ಧ ಸುತ್ತು ತಿರುಗಿತು. ಲೋಹದ ಮೈಯನ್ನೂ ಕಟ್ಟಿಗೆಯನ್ನೂ ಹಿಡಿದಿಡುವ ತಿರುಪು ಅದು. ಬೇಸಿಗೆಯ ಒಣ ಸೆಕೆಗೆ ಕಟ್ಟಿಗೆ ಸೊರಗಿ ಸಡಿಲಾಗುತ್ತದೆ, ಮಳೆಗಾಲಕ್ಕೆ ಉಬ್ಬಿ ನಳಿಗೆಯನ್ನು ಒತ್ತುತ್ತದೆ. ಸಡಿಲ ತಿರುಪಿನ ರೈಫಲು ಪ್ರತಿ ಗುಂಡಿಗೂ ಹೊಸ ಜಾಗದಲ್ಲಿ ಕೂಡುತ್ತದೆ. ಬಿಗಿ ಮಾಡುವುದಕ್ಕೂ ಹದವಿದೆ. ಗಟ್ಟಿಯಾಗಿ ಕೂತರೆ ಸಾಕು, ಕಟ್ಟಿಗೆ ಸೀಳುವಷ್ಟು ಬೇಡ.

ಮಗ ಕಟ್ಟಿಗೆ ನಳಿಗೆಗೆ ತಾಗುವ ಕಡೆ ಅರ ಹಾಕೋಣ ಎಂದ. ಎಲ್ಲೋ ನೋಡಿದ್ದನಂತೆ. "ಸುಮ್ಕಿರು ತಮ್ಮಾ," ಎಂದರು ಹವಾಲ್ದಾರರು. ಹೊಸ ಕಾಲದ ಅನೇಕ ರೈಫಲುಗಳಲ್ಲಿ ನಳಿಗೆ ಕಟ್ಟಿಗೆಗೆ ತಾಗದೆ ತೂಗಾಡಬೇಕು, ನಡುವೆ ಒಂದು ಕಾಗದ ಸಲೀಸಾಗಿ ಓಡಬೇಕು ಎಂಬುದು ನಿಜ. ಆದರೆ ಲೀ ಎನ್‌ಫೀಲ್ಡ್ ಮೈಕಟ್ಟಿನ ರೈಫಲಿಗೆ ಕೆಲವು ಕಡೆ ಕಟ್ಟಿಗೆ ಒತ್ತಿ ಹಿಡಿಯಬೇಕೆಂದೇ ಮಾಡಿರುತ್ತಾರೆ. ಒಮ್ಮೆ ತೆಗೆದ ಕಟ್ಟಿಗೆ ಮತ್ತೆ ಅಂಟುವುದಿಲ್ಲ.

ಮುಂದಿನದು ನಳಿಗೆ. ಬೋಲ್ಟ್ ತೆಗೆದು ಬೆಳಕಿಗೆ ಹಿಡಿದರೆ ಒಳಗಿನ ಸುರುಳಿ ಗೀರು ಮಿರುಗಬೇಕು. ಕಂಡದ್ದು ಮಸುಕು. ಫುಲ್‌ತ್ರೂ ಹಗ್ಗಕ್ಕೆ ಚಿಂದಿ ಕಟ್ಟಿ ಹಿಂದಿನಿಂದ ಮುಂದಕ್ಕೆ ಎಳೆದರು. ಮೂತಿಯಿಂದ ಕಬ್ಬಿಣದ ಸರಳು ತೂರಿಸಿ ಗಸಗಸ ತಿಕ್ಕುವವರಿದ್ದಾರೆ, ಅದು ತಪ್ಪು. ಗುಂಡು ಹೊರಬೀಳುವ ಕೊನೆಯ ಅಂಚು ಮೂತಿಯೇ. ಅದು ಒಂದು ಕಡೆ ಸವೆದರೆ, ಕಲ್ಲಿಗೆ ಬಡಿದು ಹಲ್ಲು ಬಿದ್ದರೆ, ಹೊಗೆ ಒಂದು ಪಕ್ಕದಿಂದ ಮೊದಲು ನುಗ್ಗಿ ಗುಂಡನ್ನು ಓರೆ ಮಾಡುತ್ತದೆ. ಮೊದಲ ಚಿಂದಿ ಕೆಂಪಗೆ ತುಕ್ಕಿನದು ಬಂತು. ಎರಡನೆಯದು ಕಪ್ಪು. ಒಂಬತ್ತನೆಯದು ಬೆಳ್ಳಗೆ ಬಂತು. ತುಕ್ಕು ಮೇಲುಮೇಲಿನದು, ಹೊಂಡ ಬಿದ್ದಿರಲಿಲ್ಲ. ಪುಣ್ಯ.

ಇಲ್ಲೊಂದು ಎಚ್ಚರ. ವರ್ಷಗಟ್ಟಲೆ ನೇತಾಡುವ ನಳಿಗೆಯೊಳಗೆ ಮಣ್ಣಿನ ಗೂಡು ಕಟ್ಟುವ ಕಣಜ ಸಂಸಾರ ಹೂಡಿರುತ್ತದೆ. ನೋಡದೆ ಹಾರಿಸಿದರೆ ನಳಿಗೆ ಉಬ್ಬುತ್ತದೆ ಇಲ್ಲವೇ ಸೀಳುತ್ತದೆ. ಆಗ ಹೋಗುವುದು ಗುರಿಯಲ್ಲ, ಕೈ. ಎಣ್ಣೆ ಹಚ್ಚಿಟ್ಟ ನಳಿಗೆಯನ್ನೂ ಹಾರಿಸುವ ಮೊದಲು ಒಣಗಿಸಬೇಕು. ಎಣ್ಣೆ ನಳಿಗೆಯ ಮೊದಲ ಗುಂಡು ಬೇರೆ ಕಡೆಗೇ ಬೀಳುತ್ತದೆ.

ಅಪ್ಪನ ಕಾಲದ ತೋಟಾ

ತೋಟಾ ಚೀಲ ಸುರಿದಾಗ ಹವಾಲ್ದಾರರು ಹಣೆ ಬಡಿದುಕೊಂಡರು. ಕೆಲವು ಹೊಳೆಯುತ್ತಿದ್ದವು, ಕೆಲವಕ್ಕೆ ಹಸಿರು ಕಿಲುಬು, ಎರಡರ ಮೂತಿ ಸೊಟ್ಟ. ಮೂರು ಬೇರೆ ಬೇರೆ ಕಾಲಕ್ಕೆ ಕೊಂಡವು. ಬೇರೆ ಬೇರೆ ಕಂತಿನ ತೋಟಾದಲ್ಲಿ ಮದ್ದಿನ ಜೋರು ಬೇರೆ ಇರುತ್ತದೆ. ತೇವ ತಿಂದ ಮದ್ದು ನಿಧಾನ ಉರಿಯುತ್ತದೆ. ಗುಂಡಿನ ವೇಗ ಬದಲಾದರೆ ಬೀಳುವ ಎತ್ತರವೂ ಬದಲು. ಪರೀಕ್ಷೆಗೆ ಒಂದೇ ಪೆಟ್ಟಿಗೆಯ, ಒಂದೇ ಕಂತಿನ ಹೊಸ ತೋಟಾ ಬೇಕು. ಕಿಲುಬು ಹಿಡಿದದ್ದನ್ನು ಬಿಸಿಲಿಗೆ ಒಣಗಿಸಿ ಹಾರಿಸುವ ಜಾಣತನ ಬೇಡ. ಲೈಸೆನ್ಸುದಾರ ಡೀಲರನ್ನೋ ಠಾಣೆಯನ್ನೋ ಕೇಳಿ ವಿಲೇವಾರಿ ಮಾಡಬೇಕು. ಬೇರೆ ಬೋರಿನ ತೋಟಾ "ಕೂಡ್ತೈತಿ ನೋಡೂಣು" ಎಂದು ತುರುಕುವುದಂತೂ ಪ್ರಾಣಕ್ಕೆ ಎರವು.

ಢಂ ಎನ್ನುವ ಮೊದಲೇ ಬೆಚ್ಚುವ ಭುಜ

ಮುಂದಿನ ಸಲ ಗುಂಡಿನ ಮೈದಾನಕ್ಕೆ ಹೋದಾಗ ಉಸುಕಿನ ಚೀಲದ ಮೇಲೆ ರೈಫಲು ಇಟ್ಟು ಹಾರಿಸಿದರು. ಚೀಲಕ್ಕೆ ತಾಗಬೇಕಾದದ್ದು ಕಟ್ಟಿಗೆ. ನಳಿಗೆಯನ್ನೇ ಚೀಲದ ಮೇಲಿಟ್ಟರೆ ಗುಂಡು ಜಿಗಿಯುತ್ತದೆ. ಅಲ್ಲಿಯ ಉಸ್ತಾದರು ಹುಡುಗನಿಗೆ ತಿಳಿಸದೆ ನಡುನಡುವೆ ಡಮ್ಮಿ ತೋಟಾ ತುಂಬಿಸಿದರು. ಡಮ್ಮಿ ಬಂದಾಗ ಬರೀ ಟಕ್ ಎಂದಿತು. ಆದರೆ ರೈಫಲಿನ ಮೂತಿ ಗಕ್ಕನೆ ಕೆಳಕ್ಕೆ ಕುಸಿಯಿತು. ಗುಂಡೇ ಹಾರಿಲ್ಲ, ಭುಜ ಮಾತ್ರ ಬೆಚ್ಚಿತ್ತು. ಹುಡುಗನ ಮುಖ ಕೆಂಪಾಯಿತು. ಸೆಮಿ ಆಟೋಮ್ಯಾಟಿಕ್ ಬೇಕೆಂದ ಬಾಯಿ ಅಂದು ಮುಚ್ಚಿತು.

ಕಿವಿಗೆ ಹತ್ತಿ, ಭುಜಕ್ಕೆ ದಪ್ಪ ಅಂಗಿ, ಅರ್ಧ ಉಸಿರು ಬಿಟ್ಟು ಹಿಡಿದು ಕುದುರೆಯನ್ನು ಮೆಲ್ಲಗೆ ಹಿಂಡುವುದು. ಎಳೆಯುವುದಲ್ಲ, ನಿಂಬೆಹಣ್ಣು ಹಿಂಡಿದಂತೆ ಹಿಂಡುವುದು. ಗುಂಡಿಗೂ ಗುಂಡಿಗೂ ನಡುವೆ ನಳಿಗೆ ಆರಲು ಬಿಡುವುದು. ಹೀಗೆ ಹಾರಿಸಿದ ಐದು ಗುಂಡು ಹಾಳೆಯ ಮೇಲೆ ಅಂಗೈ ಅಗಲದಲ್ಲಿ ಕೂತವು. ಆದರೆ ನಡುವಿನಿಂದ ಸುಮಾರು 10 ಸೆಂಟಿಮೀಟರ್ ಎಡಕ್ಕೆ.

ಚದುರು ಹೋಯಿತು, ಗುಂಪು ಬಂತು. ಈಗ ಗುರಿಮಣಿಯ ಸರದಿ.

ಲೆಕ್ಕ ಸುಲಭ. ಹಿಂದಿನ ಗುರಿಗೂ ಮುಂದಿನ ಮಣಿಗೂ ಅರ್ಧ ಮೀಟರ್ ಅಂತರವಿದ್ದರೆ, ಮಣಿ 1 ಮಿಲಿಮೀಟರ್ ಸರಿದರೆ 50 ಮೀಟರಿಗೆ ಗುಂಡು 10 ಸೆಂಟಿಮೀಟರ್ ಸರಿಯುತ್ತದೆ, 100 ಮೀಟರಿಗೆ 20 ಸೆಂಟಿಮೀಟರ್. ಒಂದು ಮಿಲಿಮೀಟರ್ ಎಂದರೆ ರಾಗಿ ಕಾಳಿಗಿಂತ ಸಣ್ಣದು. ಗೋಡೆಯಿಂದ ಇಳಿಸುವಾಗ ಮೊಳೆಗೆ ತಾಗಿದ ಮಣಿ ಅಷ್ಟು ಬಲಕ್ಕೆ ಸರಿದಿತ್ತು. ಹಿಂದಿನ ಗುರಿಯನ್ನು ಗುಂಡು ಹೋಗಬೇಕಾದ ಕಡೆಗೇ ಸರಿಸಬೇಕು, ಮುಂದಿನ ಮಣಿಯನ್ನು ಅದರ ವಿರುದ್ಧಕ್ಕೆ. ಮಣಿಗೆ ಸುತ್ತಿಗೆ ಏಟು ಹಾಕುವುದು ಮಾತ್ರ ಬೇಡ. ಲೈಸೆನ್ಸು ಇರುವ ಬಂದೂಕು ರಿಪೇರಿಯವರ ಕಡೆ ಒಯ್ದರು, ಕೆಲಸ ಸಲೀಸಾಗಿ ಮುಗಿಯಿತು. ಬಂದೂಕು ರಿಪೇರಿ ದಂಧೆಗೂ ಕಾಯ್ದೆಯಂತೆ ಪರವಾನಗಿ ಬೇಕು. ಕುಲುಮೆಯಲ್ಲಿ ಬೆಸುಗೆ ಹಾಕಿಸಿದರೆ ಕಮ್ಮಾರನೂ ಸಿಕ್ಕಿಬೀಳುತ್ತಾನೆ, ಕೊಟ್ಟವನೂ ಸಿಕ್ಕಿಬೀಳುತ್ತಾನೆ.

ಒಂದು ಮಾತು ಬಾರಾ ಬೋರಿನವರಿಗೆ. ಛರ್ರಾ ತೋಟಾಕ್ಕೆ ಗುಂಪಿನ ಲೆಕ್ಕ ಬೇರೆ. ಚೋಕ್ ಇಲ್ಲದ ನಳಿಗೆ 40 ಗಜಕ್ಕೆ 30 ಇಂಚಿನ ವರ್ತುಲದೊಳಗೆ ನೂರಕ್ಕೆ ಸುಮಾರು 40 ಛರ್ರಾ ಹಾಕಿದರೆ, ಪೂರ್ತಿ ಚೋಕಿನದು 70 ಹಾಕುತ್ತದೆ. ಉಳಿದವು ಸುತ್ತ ಚೆಲ್ಲುತ್ತವೆ. ಬಂದೂಕು ಕೆಟ್ಟಿದೆ ಎನ್ನುವ ಮೊದಲು ಅದರ ಚೋಕ್ ಎಷ್ಟು, ತೋಟಾದ ನಂಬರು ಎಷ್ಟು ಎಂದು ನೋಡಬೇಕು.

ಹವೆಯನ್ನೂ ಮರೆಯಬಾರದು. ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಗಿರಣಿಗಳನ್ನು ಸುಮ್ಮನೆ ನೆಟ್ಟಿಲ್ಲ. ಅಡ್ಡಗಾಳಿ ದೂರದ ಗುಂಡನ್ನು ತಳ್ಳುತ್ತದೆ. ಬೇಸಿಗೆ ಮಧ್ಯಾಹ್ನ ನರಗುಂದದ ಬಯಲಲ್ಲಿ ಬಿಸಿಲ್ಗುದುರೆ ಕುಣಿಯುತ್ತದೆ, ಗುರಿಯೇ ತೇಲಾಡಿದಂತೆ ಕಾಣುತ್ತದೆ. ಬಂದೂಕಿನ ಪರೀಕ್ಷೆಗೆ ಬೆಳಗಿನ ತಂಪು ಹೊತ್ತೇ ಸರಿ.

ಎರೆಹೊಲಕ್ಕೆ ಗೋಡೆ ಇಲ್ಲ

ರೈಫಲು ಸರಿಹೋಯಿತು. "ಇನ್ನ ಅತ್ತಿ ಹೊಲಕ್ಕ ಹೋಗ್ಲೇನು ಕಾಕಾ?" ಎಂದ ಹುಡುಗ.

ಹವಾಲ್ದಾರರು ಮೂವರನ್ನೂ ಕೂಡಿಸಿಕೊಂಡು ನರಗುಂದದ ಬಸ್ಸು ಹತ್ತಿದರು. ರೈಫಲು ಮನೆಯಲ್ಲೇ ಉಳಿಯಿತು. ಹೊಲದ ಬದುವಿನ ಮೇಲೆ ನಿಂತು ಹುಡುಗನಿಗೆ ಕೇಳಿದರು: "ಇಲ್ಲಿಂದ ಏನ್ ಕಾಣ್ತೈತಿ?"

ಗುಡ್ಡವೊಂದು ಹಿಂದೆ ಬಿಟ್ಟರೆ ಮುಂದೆಲ್ಲ ಹಾಸಿದಂತೆ ಎರೆಭೂಮಿ. ದಿಬ್ಬವಿಲ್ಲ, ಒಡ್ಡಿಲ್ಲ. ಗುಂಡಿನ ಮೈದಾನದಲ್ಲಿ ತಪ್ಪಿದ ಆರು ಗುಂಡನ್ನು ಮಣ್ಣಿನ ಒಡ್ಡು ನುಂಗಿಕೊಂಡಿತ್ತು. ಇಲ್ಲಿ ನುಂಗುವವರು ಯಾರು? ಸಣ್ಣ .22 ಗುಂಡೇ ಒಂದು ಮೈಲಿಯವರೆಗೆ ಅಪಾಯ ಎಂದು ಪೆಟ್ಟಿಗೆಯ ಮೇಲೆ ಅಚ್ಚು ಹಾಕುತ್ತಾರೆ. ತ್ರೀ ಫಿಫ್ಟೀನಿನ ಗುಂಡು ಅದಕ್ಕಿಂತ ದೂರ ಹೋಗುತ್ತದೆ. ಸುಗ್ಗಿಯ ಹೊತ್ತಿಗೆ ಒಂದೊಂದು ಹೊಲದಲ್ಲೂ ಒಬ್ಬೊಬ್ಬ ಕಾವಲಿಗೆ ಮಲಗಿರುತ್ತಾನೆ. ನೀರು ಹಾಯಿಸುವವ ಕಾಲುವೆಯ ಮೇಲೆ ನಡೆದಿರುತ್ತಾನೆ. ಕತ್ತಲಲ್ಲಿ ಅಲುಗಿದ್ದು ಹಂದಿಯೋ ಕಂಬಳಿ ಹೊದ್ದ ಮನುಷ್ಯನೋ?

ಕಾಯ್ದೆಯೂ ಹಾಗೇ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಬೇಟೆ ಅಪರಾಧ. ನಮ್ಮ ಹೊಲಗಳಿಗೆ ಹಿಂಡುಗಟ್ಟಿ ಬರುವ ಚಿಗರಿ ಮೊದಲನೆಯ ಪಟ್ಟಿಯ ಪ್ರಾಣಿ. ಹೊಡೆದರೆ 3ರಿಂದ 7 ವರ್ಷ ಸೆರೆಮನೆ. ಕಾಡುಹಂದಿಯೂ ಕಾಯ್ದೆಯ ಪಟ್ಟಿಯಲ್ಲಿದೆ. ಬೆಳೆ ಹಾಳು ಮಾಡುವ ಪ್ರಾಣಿಯನ್ನು ಹೊಡೆಯಲು ಅನುಮತಿ ಕೊಡುವ ಅಧಿಕಾರ ವನ್ಯಜೀವಿ ವಾರ್ಡನ್ನರದು, ಬಂದೂಕಿನ ಲೈಸೆನ್ಸಿನದಲ್ಲ. ಎರಡೂ ಒಂದೇ ಎಂದು ತಿಳಿದವರು ಕೋರ್ಟು ಕಟ್ಟೆ ಹತ್ತುತ್ತಾರೆ. ಬೆಳೆ ಹಾನಿಗೆ ಅರಣ್ಯ ಇಲಾಖೆಯಲ್ಲಿ ಪರಿಹಾರದ ಅರ್ಜಿ ಇದೆ. ಅದು ಕೈಗೆ ಬರುವುದು ನಿಧಾನ ಎಂಬ ಸಿಟ್ಟು ರೈತರಲ್ಲಿದೆ, ಆ ಸಿಟ್ಟು ಸುಳ್ಳಲ್ಲ. ಆದರೆ ಸಿಟ್ಟಿನ ಕೈಯಲ್ಲಿ ರೈಫಲು ಇರಬಾರದು.

ಗೌಡರ ತಂಗಿ ಚಹಾ ತಂದಳು. "ಹಂಗಾರ ಹಂದೀಗೆ ಏನ್ ಮಾಡೂದ್ರೀ?" ಎಂದಳು. ಅವಳ ಪ್ರಶ್ನೆ ನ್ಯಾಯವಾದದ್ದೇ. ನಾಲ್ಕು ಹೊಲದವರು ಕೂಡಿ ಸರದಿಯ ಕಾವಲು, ದೀಪ, ಡಬ್ಬಿ ಬಡಿತ, ಬದುವಿಗೆ ಬೇಲಿ, ಹಾಳಾದದ್ದಕ್ಕೆ ಕೂಡಲೇ ಫೋಟೋ ಹಿಡಿದು ಅರ್ಜಿ. ಇಷ್ಟು ಮಾಡಿದರೂ ಹಂದಿ ಪೂರ್ತಿ ನಿಲ್ಲುವುದಿಲ್ಲ ಎಂದು ಹವಾಲ್ದಾರರೇ ಒಪ್ಪಿದರು. "ಆದ್ರ ತಂಗೀ, ಗೋವಿನಜ್ವಾಳ ಮತ್ತ ಬೆಳೀಬಹುದು," ಎಂದರು. ಮುಂದಿನದನ್ನು ಹೇಳಲಿಲ್ಲ. ಅವಳಿಗೆ ತಿಳಿಯಿತು.

ಅಳಿಯನನ್ನು ರೈಫಲಿನೊಡನೆ ಕಳಿಸು ಎಂಬ ಫೋನು ಮತ್ತೆ ಬರಲಿಲ್ಲ. ಹುಡುಗ ತಿಂಗಳಿಗೊಮ್ಮೆ ರೈಫಲು ಇಳಿಸಿ ಚಿಂದಿ ಎಳೆಯುತ್ತಾನೆ. ತೋಟಾ ಬೀಗದೊಳಗೆ. ಗೋಡೆಯ ಮೊಳೆಗೆ ಈಗ ಅರಿವೆ ಸುತ್ತಿದೆ. ಸೆಮಿ ಆಟೋಮ್ಯಾಟಿಕ್ ಮಾತು ಮನೆಯಲ್ಲಿ ಇಲ್ಲ.

ವಾಪಸು ಬರುವಾಗ ರೋಣದ ಬಸ್ ಸ್ಟ್ಯಾಂಡಿನಲ್ಲಿ ಹುಡುಗನೇ ಕೇಳಿದ: "ಕಾಕಾ, ಅರ್ಜುನಗ ಹಕ್ಕಿ ಕಣ್ಣ ಒಂದ ಕಂಡಿತ್ತಲ್ಲ, ಹಂಗ ಬರೀ ಗುರಿ ನೋಡಿದ್ರ ಸಾಲೂದಿಲ್ಲೇನು?"

"ಅದು ಬಾಣದ ಕಾಲ ತಮ್ಮಾ. ಬಾಣ ಹಕ್ಕೀಗೆ ನಿಂತ್ಬಿಡ್ತಿತ್ತು. ರೈಫಲ್ ಹಿಡದಾಂವ ಹಕ್ಕಿ ನೋಡೂಕಿಂತ ಮೊದ್ಲ ಹಕ್ಕಿ ಹಿಂದ ಯಾರದಾರು ಅಂತ ನೋಡಬೇಕು."

ಗಜೇಂದ್ರಗಡದ ಬಸ್ಸು ಬಂತು. ಹವಾಲ್ದಾರರು ಕಿಟಕಿಯ ಸೀಟು ಹಿಡಿದರು.